ಮಗಳ ಕುಂದು ಹೇಳದ ಅಮರಮ್ಮ

ದೇವದುರ್ಗದ ಕನಕಪ್ಪನ ಖಾನಾವಳಿಯಲ್ಲಿ ಉಂಡವರಿಗೆಲ್ಲ ಅಮರಮ್ಮನ ಕೈಗುಣ ಗೊತ್ತು, ಮುಖ ಗೊತ್ತಿರುವುದು ಕಡಿಮೆ ಜನಕ್ಕೆ. ಆಕೆ ಹಿಂದಿನ ಕೋಣೆಯಲ್ಲಿ ಒಲೆಯ ಮುಂದೆ ಕೂತು ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಾಳೆ. ಮೊದಲೆಲ್ಲ ಬಡಿಯುವ ಸದ್ದಿನ ಜೊತೆಗೆ ಬೈಗುಳವೂ ಹೊರಗೆ ಕೇಳುತ್ತಿತ್ತು. ಹಿಟ್ಟು ದಪ್ಪ ಬೀಸಿದ ಗಿರಣಿಯವನಿಗೊಂದು, ಹಸಿ ಕಟ್ಟಿಗೆ ತಂದ ಕನಕಪ್ಪನಿಗೊಂದು. ರೊಟ್ಟಿ ಆರಿದೆ ಎಂದು ಯಾರಾದರೂ ಗಿರಾಕಿ ಗೊಣಗಿದರೆ, "ಮನ್ಯಾಗ ಹೆಂಡ್ತಿ ಆರಿದ್ದು ಹಾಕಿದ್ರ ಸುಮ್ನ ಉಣ್ತೀರಿ, ಇಲ್ಲಿ ಬಂದು ನವಾಬ ಆಗ್ತೀರಿ" ಎಂಬ ಮಾತು ಗೋಡೆ ದಾಟಿ ಬರುತ್ತಿತ್ತು. ಗಿರಾಕಿಗಳು ನಗುತ್ತಿದ್ದರು, ಕನಕಪ್ಪನೂ ನಗುತ್ತಿದ್ದ. ಹಾಲು ಕೊಡುವ ಎಮ್ಮೆ ಒದ್ದರೂ ಒದೆಸಿಕೊಳ್ಳಬೇಕು ಎನ್ನುವುದು ಅವನಿಗೂ ಗೊತ್ತು.

ನಾನು ಹುಮೇರಾ. ಖಾನಾವಳಿಯ ಎದುರಿಗೆ ನನ್ನ ಆನ್‌ಲೈನ್ ಅಂಗಡಿ ಇದೆ. ಪಹಣಿ, ಪಿಂಚಣಿ, ಜಾತಿ, ಆದಾಯ, ಆಧಾರ್ ತಿದ್ದುಪಡಿ, ಹೀಗೆ ಜನ ಸರ್ಕಾರದಿಂದ ಏನು ಬೇಡಿದರೂ ಅದನ್ನು ಕಂಪ್ಯೂಟರಿಗೆ ಹಾಕುವವಳು ನಾನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಕಾಲಕ್ಕೆ ಪೂಜಾರಿಯೂ ಕೊಡುತ್ತಾನೆ, ಸರ್ವರ್ ಕೊಡುವುದಿಲ್ಲ. ಮಧ್ಯಾಹ್ನದ ಊಟ ನನಗೆ ಖಾನಾವಳಿಯ ಹಿಂದಿನ ಕೋಣೆಯಲ್ಲೇ, ಅಮರಮ್ಮನ ಪಕ್ಕ, ಒಲೆಯಿಂದ ಇಳಿದ ರೊಟ್ಟಿ ನೇರ ತಾಟಿಗೆ. ಹಾಗಾಗಿ ಆಕೆಯ ಮುಖವೂ ಗೊತ್ತು, ಮಗಳೂ ಗೊತ್ತು.

ಮಗಳ ಹೆಸರು ದುರ್ಗಾದೇವಿ, ಕರೆಯುವುದು ದುರ್ಗಿ. ಹತ್ತೊಂಬತ್ತು ದಾಟಿದ ಹುಡುಗಿ. ಡಾಕ್ಟರರು ಅದಕ್ಕೆ ಬೌದ್ಧಿಕ ಅಂಗವೈಕಲ್ಯ ಎನ್ನುತ್ತಾರೆ. ನಾನು ಕಂಡದ್ದನ್ನು ಹೇಳುತ್ತೇನೆ. ದುರ್ಗಿಗೆ ಕುಪ್ಪಸದ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಹತ್ತರ ನೋಟು, ನೂರರ ನೋಟು ಎರಡೂ ಅವಳಿಗೆ ಕಾಗದ. ತಿಂಗಳ ದಿನಗಳಲ್ಲಿ ಅವ್ವನೇ ಎಲ್ಲ ಮಾಡಬೇಕು, ಇಲ್ಲದಿದ್ದರೆ ರಕ್ತ ನೋಡಿ ಹೆದರಿ ಅಳುತ್ತಾಳೆ. ಮಾತು ಕೆಲವೇ. ಯಾರಾದರೂ ಕೈ ಹಿಡಿದರೆ ನಗುತ್ತಾಳೆ, ಕರೆದರೆ ಹೋಗುತ್ತಾಳೆ. ಲೋಕದಲ್ಲಿ ಕೆಟ್ಟವರಿದ್ದಾರೆ ಎಂಬ ಸಂಗತಿ ಅವಳಿಗೆ ಯಾರೂ ತಿಳಿಸಲು ಆಗಿಲ್ಲ.

ಈ ಯಾವ ಮಾತನ್ನೂ ಅಮರಮ್ಮನ ಬಾಯಿಂದ ಊರು ಕೇಳಿರಲಿಲ್ಲ. "ನಮ್ಮಾಕಿ ಭಾಳ ನಾಚ್ತಾಳ." "ಸಣ್ಣಾಕಿದ್ದಾಗ ಜ್ವರ ಬಂದಿತ್ತು, ಈಗೇನ ಅಡ್ಡಿಯಿಲ್ಲ." "ಮನಿ ಕೆಲಸ ಎಲ್ಲಾ ಆಕೀನ ಮಾಡ್ತಾಳ." ಕೇಳಿದವರಿಗೆಲ್ಲ ಇವೇ ಉತ್ತರ. ನಮ್ಮ ಕಡೆ ಹೆಣ್ಣುಮಗಳ ಕುಂದನ್ನು ಹೊಸಿಲು ದಾಟಿಸುವುದಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಪರವಾನಗಿ ಕೊಟ್ಟಿದ್ದಾರಲ್ಲ. ಅಮರಮ್ಮ ಮಗಳ ಮದುವೆಯ ಆಸೆ ಬಿಟ್ಟು ಎಷ್ಟೋ ಕಾಲವಾಗಿತ್ತು, ಸುಳ್ಳನ್ನು ಮಾತ್ರ ಬಿಟ್ಟಿರಲಿಲ್ಲ. ಗಂಡ ಬೂದೆಪ್ಪ ಶಕ್ತಿನಗರಕ್ಕೆ ಗುತ್ತಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಹೋಗುವಾಗ ಮಗಳನ್ನು ಹುಚ್ಚಿ ಎಂದು ಕರೆದು ಹೋಗಿದ್ದ. ಆ ಶಬ್ದವನ್ನು ಇನ್ನೊಮ್ಮೆ ಯಾರೂ ಆಡದ ಹಾಗೆ ನೋಡಿಕೊಳ್ಳುವುದೇ ಅಮರಮ್ಮನ ಬಾಳಾಗಿ ಹೋಯಿತು.

ದುರ್ಗಿ ಸಣ್ಣವಳಿದ್ದಾಗ ಒಲೆಯ ಪಕ್ಕ ಕೂತಿರುತ್ತಿದ್ದಳು. ಬೆಳೆದ ಮೇಲೆ ಎದ್ದು ಹೊರಗೆ ಊಟಕ್ಕೆ ಕೂತವರ ಹತ್ತಿರ ಹೋಗಿ ಅಂಗಿಯ ತೋಳು ಸವರುವುದನ್ನು ಕಲಿತಳು. ಕೆಲವರು ಕೈ ಕೊಡವಿದರು, ಕೆಲವರು ನಕ್ಕರು, ಒಂದಿಬ್ಬರು ಪಕ್ಕಕ್ಕೆ ಕೂರಿಸಿಕೊಳ್ಳತೊಡಗಿದರು. ಕನಕಪ್ಪ ಕೆಟ್ಟವನಲ್ಲ, ಆದರೆ ಖಾನಾವಳಿ ಇಟ್ಟವನು.

"ಅಮರಮ್ಮ, ನಾಳಿ ಏನರ ಆದ್ರ ನನ್ನ ತಲಿಗಿ ಬರ್ತದ. ಆಕಿನ್ನ ಮನ್ಯಾಗ ಬಿಟ್ಟು ಬಾ" ಎಂದ.

ಮನೆಯಲ್ಲಿ ಬಿಡುವುದೆಂದರೆ ಹೊರಗಿನಿಂದ ಚಿಲಕ ಹಾಕುವುದು. ಬೀಗ ಹಾಕಲು ಅಮರಮ್ಮನಿಗೆ ಮನಸ್ಸು ಬರಲಿಲ್ಲ. ಒಳಗೆ ಏನಾದರೂ ಹೊತ್ತಿಕೊಂಡರೆ ಹುಡುಗಿಯನ್ನು ಹೊರಗೆ ತೆಗೆಯುವವರು ಯಾರು? ಪಕ್ಕದ ಮನೆಯ ಯಾಸ್ಮೀನ್ ಆಗಾಗ ಬಂದು ಕಿಟಕಿಯಲ್ಲಿ ಇಣುಕುತ್ತಿದ್ದಳು. ಹೀಗೆ ಕೆಲವು ತಿಂಗಳು ನಡೆಯಿತು. ಒಂದು ಮಧ್ಯಾಹ್ನ ಯಾಸ್ಮೀನ್ ಬಟ್ಟೆ ಒಣಹಾಕಲು ಹೊರಗೆ ಬಂದರೆ ಅಮರಮ್ಮನ ಮನೆಯ ಚಿಲಕ ತೆಗೆದಿತ್ತು. ಬಾಗಿಲಲ್ಲಿ ಒಬ್ಬ ಗಂಡಸು ಬೆನ್ನು ತಿರುಗಿಸಿ ನಿಂತಿದ್ದ. ಯಾಸ್ಮೀನ್ ಚೀರಿದಳು, ಅವನು ಮುಖ ತೋರಿಸದೆ ಸಂದಿಯಲ್ಲಿ ಓಡಿಹೋದ. ಇವಳು ಒಳಗೆ ಹೋಗಿ ನೋಡಿದರೆ ದುರ್ಗಿ ತಲೆಗೆ ನೀರು ಹಚ್ಚಿ ಒತ್ತಿಕೊಂಡು, ಚಪ್ಪಲಿ ಹಾಕಿಕೊಂಡು, ಹೊರಡಲು ತಯಾರಾಗಿ ನಗುತ್ತಾ ನಿಂತಿದ್ದಳು.

ಅವನು ಯಾರೆಂದು ಈವರೆಗೂ ಗೊತ್ತಾಗಿಲ್ಲ. ಅಂದಿನಿಂದ ಅಮರಮ್ಮ ಬೈಯುವುದನ್ನು ಬಿಟ್ಟಳು. ಖಾನಾವಳಿಯಲ್ಲಿ ಉಣ್ಣುವ ಪ್ರತಿಯೊಬ್ಬ ಗಂಡಸೂ ಅವನೇ ಇರಬಹುದು ಎಂದು ಆಕೆಗೆ ಅನಿಸುತ್ತಿತ್ತು, ಅವನಿಗೂ ತಾನೇ ರೊಟ್ಟಿ ಬಡಿಯಬೇಕಿತ್ತು. ಮಗಳನ್ನು ಮತ್ತೆ ಖಾನಾವಳಿಗೆ ಕರೆತಂದು ಹಿತ್ತಲಿನ ಕಂಬಕ್ಕೆ ಹಳೆಯ ಸೀರೆಯಿಂದ ಸೊಂಟ ಕಟ್ಟಿ ಕೂರಿಸಿದಳು. ಕನಕಪ್ಪ ಅತ್ತ ನೋಡದೆ ಓಡಾಡಿದ. ನಾನು ಊಟಕ್ಕೆ ಹೋದವಳು ಅದನ್ನು ಕಂಡು ತಾಟು ಕೆಳಗಿಟ್ಟೆ.

"ಅಕ್ಕಾ, ಆಕಿ ಏನ ದನಾನಾ?" ಎಂದೆ.

ಅಮರಮ್ಮ ಹಿಟ್ಟಿನ ಕೈಯಲ್ಲೇ ನನ್ನ ಕಾಲು ಹಿಡಿದಳು. "ನಿನ್ನ ಕಂಪ್ಯೂಟರಿನ್ಯಾಗ ಎಲ್ಲಾ ಇರ್ತದಂತಲ್ಲ ಹುಮೇರವ್ವ, ಆಕಿನ್ನ ಇಟ್ಕೊಳ್ಳೋ ಒಂದ ಜಾಗ ಹುಡುಕಿ ಕೊಡು. ನಾ ಸತ್ರೂ ಆಕಿ ಬಾಗಲಕ್ಕ ಯಾರೂ ಬರಬಾರದು. ಇಲ್ಲಂದ್ರ ಇಬ್ರೂ ಕೂಡೇ ಹೋಗ್ತೀವಿ, ಊರಿಗಿ ಏನ ಕಡಿಮಿ ಆಗತದ?" ರೊಟ್ಟಿ ಹೆಂಚಿನ ಮೇಲೆ ಕರಕಾಗುತ್ತಿತ್ತು. ಅಮರಮ್ಮನ ರೊಟ್ಟಿ ಕರಕಾದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಜಾಗ ಹುಡುಕಿದೆ. ಇಂಥ ಹುಡುಗಿಯರನ್ನು ಇಟ್ಟುಕೊಂಡು ಕೆಲಸ ಕಲಿಸುವ ಒಂದು ಸಂಸ್ಥೆ ಮಾನ್ವಿಯಲ್ಲಿ ಸಿಕ್ಕಿತು. ನಡೆಸುವವರು ಕಾವೇರಿಬಾಯಿ, ಶಾಲೆಯ ನೌಕರಿಯಿಂದ ನಿವೃತ್ತರಾದ ಆಚಾರದ ಮನೆಯ ಹೆಂಗಸು. ಫೋನಿನಲ್ಲಿ ನೇರ ಮಾತು.

"ಒಂದ ಹಾಸಿಗಿ ಖಾಲಿ ಆಗ್ತದವಾ. ಒಬ್ಬಾಕಿ ತನ್ನ ಅಣ್ಣನ ಮನಿಗೆ ಹೊಂಟಾಳ. ಉಗಾದಿ ತನಕ ನಿಮ್ಮ ಹುಡಿಗಿಗಂತ ಹಿಡದಿಡ್ತೀನಿ. ಆದ್ರ ಅಂಗವಿಕಲರ ಕಾರ್ಡ್ ಬೇಕು, ನಲವತ್ತು ಪರ್ಸೆಂಟಿಗಿಂತ ಕಡಿಮಿ ಇರಬಾರದು. ತಪಾಸಣಿಗೆ ಬರೋರು ಮದಲು ಅದನ್ನ ಕೇಳ್ತಾರ."

ಹತ್ತೊಂಬತ್ತು ವರ್ಷ ಅಮರಮ್ಮ ಕಾರ್ಡು ಮಾಡಿಸಿರಲಿಲ್ಲ. ಮಾಡಿಸಿದರೆ ಊರಿಗೆ ಗೊತ್ತಾಗುತ್ತದಲ್ಲ. ನಾನು ಅರ್ಜಿ ಹಾಕಿದೆ, ರಾಯಚೂರಿನ ದೊಡ್ಡ ದವಾಖಾನೆಯಲ್ಲಿ ಪರೀಕ್ಷೆಗೆ ದಿನ ಸಿಕ್ಕಿತು. ಅಮರಮ್ಮನಿಗೆ ಓದು ಬರಹ ಇಲ್ಲದ ಕಾರಣ ಜೊತೆಗೆ ನಾನೂ ಹೋಗುವುದೆಂದಾಯಿತು. ಹೆಂಗಸರಿಗೆ ಬಸ್ಸು ಪುಕ್ಕಟೆ, ಅಂಗಡಿ ಒಂದು ದಿನ ಮುಚ್ಚಿದರೆ ದೇವದುರ್ಗ ಮುಳುಗುವುದಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ದುರ್ಗಿಯನ್ನು ಕಂಡು ನನಗೆ ಗುರುತೇ ಹತ್ತಲಿಲ್ಲ. ಹಸಿರು ಇಳಕಲ್ ಸೀರೆ, ಕೈತುಂಬ ಬಳೆ, ಮಲ್ಲಿಗೆ ದಂಡೆ, ಕೆನ್ನೆಗೆ ಪೌಡರು. ಕೂದಲು ಎಷ್ಟು ಬಿಗಿಯಾಗಿ ಹೆಣೆದಿತ್ತೆಂದರೆ ಹುಬ್ಬು ಮೇಲಕ್ಕೆ ಎಳೆದಿತ್ತು.

"ಏನಕ್ಕಾ, ಕನ್ಯಾ ತೋರಿಸಾಕ ಹೊಂಟೀಯೇನು?" ಎಂದು ಚೇಷ್ಟೆ ಮಾಡಿದೆ.

ಅಮರಮ್ಮ ನಗಲಿಲ್ಲ. "ದೊಡ್ಡ ಡಾಕ್ಟರ್ ಮುಂದ ಹ್ಯಾಂಗ ಬೇಕಾದಂಗ ಕರಕೊಂಡು ಹೋಗಾಕ ಬರ್ತದೇನು?" ಎಂದಳು. ಬಸ್ಸು ಗಬ್ಬೂರು ದಾಟುವವರೆಗೂ ಮಗಳ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಲೇ ಇದ್ದಳು. ಹುಡುಗಿ ಹೆದರಬಾರದೆಂದು ಸಮಾಧಾನ ಹೇಳುತ್ತಿದ್ದಾಳೆ ಅಂದುಕೊಂಡು ನಾನು ನಿದ್ದೆ ಹೋದೆ.

ದವಾಖಾನೆಯ ಪಡಸಾಲೆಯಲ್ಲಿ ಜಿಲ್ಲೆಯ ತಾಯಂದಿರೆಲ್ಲ ಸೇರಿದ ಹಾಗಿತ್ತು. ಸಿಂಧನೂರು, ಲಿಂಗಸುಗೂರು, ಮಟಮಾರಿ, ಎಲ್ಲ ಕಡೆಯವರು. ಮಕ್ಕಳನ್ನು ಹೆಗಲ ಮೇಲೆ, ಕಂಕುಳಲ್ಲಿ ಹೊತ್ತವರು, ಮೀಸೆ ಬಂದ ಮಗನ ಜೊಲ್ಲು ಒರೆಸುವವರು. ಮನಃಶಾಸ್ತ್ರಜ್ಞೆ ಕಲ್ಯಾಣಿ ಮೇಡಂ ವಾರಕ್ಕೊಮ್ಮೆ ಮಾತ್ರ ಬರುತ್ತಾರೆ, ಅಷ್ಟೂ ಜನವನ್ನು ಅವರೊಬ್ಬರೇ ನೋಡಬೇಕು. ನಮ್ಮ ಪಾಳಿ ಬಂದಾಗ ಊಟದ ಹೊತ್ತು ಮೀರಿತ್ತು. ಒಳಗೆ ತಾಯಿ ಮಗಳಿಗೆ ಮಾತ್ರ ಪ್ರವೇಶ, ನಾನು ಹೊರಗೆ ಕೂತೆ.

ಅಮರಮ್ಮ ಹೊರಗೆ ಬಂದಾಗ ಮುಖ ಗೆದ್ದ ಪೈಲ್ವಾನನ ಹಾಗಿತ್ತು. "ಒಂದ ಮಾತಿಗೂ ತಪ್ಪಲಿಲ್ಲ ನಮ್ಮ ದುರ್ಗಿ! ಹೆಸರ ಹೇಳಿದ್ಲು, ಊರ ಹೇಳಿದ್ಲು, ಹತ್ತರ ತನಕ ಎಣಿಸಿದ್ಲು. ಮರದ ತುಂಡ ಕೊಟ್ಟು ಕುಣಿಯಾಗ ಕೂಡಸು ಅಂದ್ರು, ಪಟಪಟ ಕೂಡಿಸಿದ್ಲು. ನನಗ ಕೇಳಿದ್ರು, ಜಳಕ ತಾನ ಮಾಡ್ತಾಳಾ, ಅಂಗಡಿಗಿ ಹೋಗಿ ಸಾಮಾನ ತರ್ತಾಳಾ, ಚಿಲ್ಲರ ಎಣಿಸಿ ತಗೋತಾಳಾ, ಮುಟ್ಟಾದ್ರ ತಾನ ನೋಡ್ಕೋತಾಳಾ ಅಂತ. ಎಲ್ಲಾದಕ್ಕೂ ಹೂಂ ಅಂದೀನಿ. ಮಾರಿ ಕೆಳಗ ಹಾಕೋ ಮಾತ ಬರಲಿಲ್ಲ."

ಆ ತಾಯಿ ಪರೀಕ್ಷೆಯನ್ನು ಕನ್ಯಾ ಪರೀಕ್ಷೆ ಎಂದೇ ತಿಳಿದಿದ್ದಳು. ವರನ ಕಡೆಯವರ ಮುಂದೆ ಕುಂದು ಮುಚ್ಚುವ ಹಾಗೆ ಮುಚ್ಚಿಟ್ಟು, ಮಗಳು ಚೆಂದ ಉತ್ತರ ಕೊಟ್ಟರೆ ಸರ್ಕಾರ ಮೆಚ್ಚಿ ಜಾಗ ಕೊಡುತ್ತದೆ ಎಂದುಕೊಂಡಿದ್ದಳು. ನಾಲ್ಕಕ್ಷರ ಕಲಿತವರ ಮನೆಗಳಲ್ಲೂ ನಾನು ಈ ಬುದ್ಧಿ ನೋಡಿದ್ದೇನೆ, ಆದರೆ ಅವರಿಗೆಲ್ಲ ಚಿಲಕ ತೆಗೆದವನ ಭಯ ಇರಲಿಲ್ಲ.

ನಾನು ಸರತಿ ಮುರಿದು ಒಳಗೆ ನುಗ್ಗಿದೆ. ಕಲ್ಯಾಣಿ ಮೇಡಂ ಸಿಟ್ಟಾಗಲಿಲ್ಲ. ದಣಿದಿದ್ದರು.

"ನನಗೂ ಸಂಶಯ ಬಂತು ನೋಡ್ರಿ. ಮೂರು ಸಲ ತಿರುಗಿ ತಿರುಗಿ ಕೇಳಿದೆ. ತಾಯಿ ಎದಿ ತಟ್ಟಿಕೊಂಡು ಹೇಳಿದ್ರು. ಈ ಪರೀಕ್ಷಾದಾಗ ಅರ್ಧ ತೂಕ ಮನಿಯವರ ಮಾತಿಂದೇ ಇರ್ತದ. ಹಂಗಲ್ಲ ಅಂತ ತಾಯಿನೇ ಬಂದು ಹೇಳ್ಲಿ, ನಾ ಈಗಿಂದೀಗ ಮತ್ತ ಕೂಡಿಸಿ ಬರಕೋತೀನಿ."

ಬಾಗಿಲಿಗೆ ಓಡಿ ಬಂದೆ. "ಅಕ್ಕಾ, ಒಳಗ ಬಾ. ಇದ್ದದ್ದು ಇದ್ದಂಗ ಹೇಳು. ಜಳಕ ನೀನ ಮಾಡಸ್ತೀನಿ ಅಂತ ಹೇಳು, ಯಾರು ಕರದ್ರೂ ಹೋಗ್ತಾಳ ಅಂತ ಹೇಳು."

ಪಡಸಾಲೆಯ ತುಂಬ ಜನ. ಎಲ್ಲರೂ ನಮ್ಮ ಕಡೆ ತಿರುಗಿದರು. ಅಮರಮ್ಮನ ಕಣ್ಣು ಕೆಂಪಾಯಿತು. ಎಷ್ಟೋ ದಿನದಿಂದ ಸತ್ತುಹೋಗಿದ್ದ ಆಕೆಯ ಬಾಯಿ ಅವತ್ತು ನನ್ನ ಮೇಲೆ ಎದ್ದಿತು.

"ನನ್ನ ಮಗಳಿಗೆ ಹುಚ್ಚಿ ಅಂತ ಹೇಳಾಕ ಇಷ್ಟ ದೂರ ಕರಕೊಂಡು ಬಂದೀಯೇನು? ಆಕಿ ಅಪ್ಪ ಒಬ್ಬ ಅಂದು ಹೋದ, ಈಗ ನೀನು! ಹತ್ತು ಮಂದ್ಯಾಗ ಆಕಿ ಮಾನ ತಗೀತೀಯೇನು? ನಾ ಹೇಳಂಗಿಲ್ಲ. ನನ್ನ ಬಾಯಿಲೆ ಆ ಮಾತ ಬರಂಗಿಲ್ಲ."

ನನಗೂ ರೇಗಿತು. "ಮಾನ ಇಟ್ಕೊಂಡು ಕಂಬಕ್ಕ ಕಟ್ಟು ಹಂಗಾದ್ರ" ಎಂದುಬಿಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ದುರ್ಗಿ ಮಧ್ಯೆ ನಿಂತು ಒಮ್ಮೆ ಅವಳ ತೋಳು, ಒಮ್ಮೆ ನನ್ನ ತೋಳು ಸವರುತ್ತಿದ್ದಳು.

ಕಾರ್ಡು ಬಂತು. ಇಪ್ಪತ್ತೈದು ಪರ್ಸೆಂಟ್. ನಾನು ಸ್ಕ್ರೀನಿನ ಮೇಲಿನ ಅಂಕಿ ತೋರಿಸಿದಾಗ ಅಮರಮ್ಮ ಮೊದಲು ಖುಷಿಪಟ್ಟಳು, ಕಡಿಮೆ ಎಂದರೆ ರೋಗ ಕಡಿಮೆ ತಾನೇ ಎಂದಳು. ಹಾಗಲ್ಲ, ನಲವತ್ತು ಮುಟ್ಟದಿದ್ದರೆ ಮಾನ್ವಿಯ ಹಾಸಿಗೆ ಇಲ್ಲ ಎಂದು ಬಿಡಿಸಿ ಹೇಳಿದೆ. ಆಕೆಯ ಎದುರಿಗೇ ಕಾವೇರಿಬಾಯಿಗೆ ಫೋನು ಹಚ್ಚಿದೆ.

"ನನಗ ಕನಿಕರ ಇಲ್ಲಂತ ತಿಳೀಬ್ಯಾಡ್ರಿ" ಎಂದರು ಅವರು. "ಒಬ್ಬಾಕಿನ್ನ ಕಾರ್ಡ್ ಇಲ್ಲದ ಇಟ್ಕೊಂಡು ಹ್ವಾದ ವರ್ಷ ನೋಟೀಸ್ ತಿಂದೀನಿ. ಇನ್ನೊಂದ ಸಲ ಆದ್ರ ಇಲ್ಲಿರೋ ಅಷ್ಟೂ ಹುಡಿಗ್ಯಾರು ಬೀದಿಗೆ ಬೀಳ್ತಾರ. ಉಗಾದಿ ತನಕ ಹೇಳೀನಿ, ಹಿಡೀತೀನಿ. ಆಮ್ಯಾಲ ನನ್ನ ಕೈಯಾಗಿಲ್ಲ. ಹತ್ತು ಮಂದಿ ಕಾಯಾಕತ್ಯಾರ."

ಅಮರಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. "ನಾ ಆಕಿನ್ನ ಛಲೋ ಅಂದಿದ್ದಕ್ಕ ಹಿಂಗಾತೇನು?" ಎಂದು ಕೇಳಿದಳು. ಹೌದು ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿ ನನ್ನದಲ್ಲ, ಆದರೂ ಅವತ್ತು ಸುಳ್ಳು ಹೇಳಬೇಕು ಅನಿಸಿತು.

ಮರುಪರೀಕ್ಷೆಗೆ ಅರ್ಜಿ ಹಾಕಿದೆ. ಅದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿತು. ಒಮ್ಮೆ ಫೋಟೋ ಮಸುಕು ಎಂದು ವಾಪಸು ಬಂತು, ಒಮ್ಮೆ ಕಾರಣ ಕೊಟ್ಟಿಲ್ಲ ಎಂದು ವಾಪಸು ಬಂತು. ಕಾರಣದ ಜಾಗದಲ್ಲಿ ಏನು ಬರೆಯಲಿ? ತಾಯಿಗೆ ಮಗಳ ಮೇಲೆ ಪ್ರೀತಿ ಹೆಚ್ಚು ಎಂದೇ? ಅಷ್ಟರಲ್ಲಿ ಕನಕಪ್ಪ, ಉಗಾದಿ ಆದಮೇಲೆ ಬೇರೆ ರೊಟ್ಟಿಯವಳನ್ನು ನೋಡುವುದಾಗಿ ಹೇಳಿಬಿಟ್ಟಿದ್ದ. ಹಿತ್ತಲಿನಲ್ಲಿ ಕೈ ತೊಳೆಯಲು ಬಂದವರು ಕಂಬಕ್ಕೆ ಕಟ್ಟಿದ ಹುಡುಗಿಯ ಫೋಟೋ ತೆಗೆಯುತ್ತಿದ್ದರಂತೆ. ಅಮರಮ್ಮ ಈಗ ದಿನವೂ ನನ್ನ ಅಂಗಡಿಗೆ ಬಂದು ಏನೂ ಕೇಳದೆ ನಿಲ್ಲುತ್ತಿದ್ದಳು. ಬೈದರೂ ಚೆನ್ನಾಗಿತ್ತು.

ದಿನ ಸಿಕ್ಕಿದ್ದು ಉಗಾದಿಯ ಹಿಂದಿನ ವಾರ. ಈ ಸಲ ದುರ್ಗಿಗೆ ಹೂವಿಲ್ಲ, ಬಳೆಯಿಲ್ಲ, ದಿನದ ನೈಟಿ ಮತ್ತು ಮೇಲೊಂದು ಟವೆಲ್ಲು. ಕಲ್ಯಾಣಿ ಮೇಡಂ ನನ್ನನ್ನೂ ಒಳಗೆ ಕರೆದು ಕೂರಿಸಿದರು. ಅಕ್ಕಪಕ್ಕದವರೊಬ್ಬರು ಇದ್ದರೆ ಒಳ್ಳೆಯದು ಎಂದರು. ಅಮರಮ್ಮ ಮಗಳನ್ನು ಹೊರಗೆ ಕೂರಿಸಬಹುದೇ ಎಂದು ಕೇಳಿದಳು. ಪಡಸಾಲೆಯಲ್ಲಿ ಅಷ್ಟು ಗಂಡಸರು, ಅವಳನ್ನು ಹೊರಗೆ ಬಿಡುವುದು ಹೇಗೆ? ಜೊತೆಗೆ, ಪರೀಕ್ಷೆಯೇ ಅವಳದು. ದುರ್ಗಿ ಅವ್ವನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಈ ಸಲ ನಿಜ ಹೇಳ್ರಿ ಅಮರಮ್ಮ" ಎಂದರು ಮೇಡಂ. "ತಾನ ಜಳಕ ಮಾಡ್ತಾಳೇನ್ರಿ?"

ಅಮರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮೇಡಂ ಕಾದರು. ಹೊರಗಿನಿಂದ ಯಾರೋ ಬಾಗಿಲು ಬಡಿದರು.

"ಇಲ್ರೀ" ಎಂದಳು ಕೊನೆಗೆ. "ನಾನ ಮಾಡಸ್ತೀನ್ರಿ."

"ಬಟ್ಟಿ ಹಾಕ್ಕೋಳ್ಳೋದು?"

"ಬರಂಗಿಲ್ಲರೀ."

ಮೊದಲ ಸಲ ಕಲಿಸಿದ ಪಾಠ ದುರ್ಗಿಗೆ ಮರೆತಿರಲಿಲ್ಲ. ಈ ಕೋಣೆ, ಈ ಮೇಡಂ, ಈ ಮೇಜು ಎಲ್ಲ ನೆನಪಿತ್ತು. ಅವ್ವ ತಪ್ಪು ಹೇಳುತ್ತಿದ್ದಾಳೆ ಅನಿಸಿರಬೇಕು, ತೋಳು ಹಿಡಿದು ಜಗ್ಗಿದಳು.

"ಬರ್ತದ ಅವ್ವಾ" ಎಂದಳು.

"ತಲಿ ಬಾಚಿಕೊಳ್ಳೋದು?"

"ಬರಂಗಿಲ್ಲರೀ."

"ಬರ್ತದ! ಬರ್ತದ ಅವ್ವಾ!" ದುರ್ಗಿ ಎದ್ದು ನಿಂತು ಎರಡೂ ಕೈಯಿಂದ ಕೂದಲು ಸವರಿ ತೋರಿಸಿದಳು. ಆಮೇಲೆ ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಎಣಿಸತೊಡಗಿದಳು. ಮೇಡಂ ಪೆನ್ನು ಎತ್ತಿ ನೋಡಿದರು. ಅವರ ಮುಖದಲ್ಲಿ ಸಂಶಯವಿತ್ತೋ ಕರುಣೆಯಿತ್ತೋ ನನಗೆ ತಿಳಿಯಲಿಲ್ಲ. ಅಮರಮ್ಮನಿಗೆ ಮಾತ್ರ ಆ ಪೆನ್ನು ನಿಂತದ್ದು ಕಂಡಿತು. ಮಗಳು ಐದಕ್ಕೆ ಬಂದಿದ್ದಳು. ಹತ್ತು ಮುಟ್ಟಿದರೆ ಹಾಸಿಗೆ ಹೋಯಿತು.

ಅಮರಮ್ಮ ಮಗಳ ರಟ್ಟೆ ಹಿಡಿದು ಕುಕ್ಕಿ ಕೂರಿಸಿದಳು. "ಸುಮ್ನಿರು! ನಿನಗೇನೂ ಬರಂಗಿಲ್ಲ. ತಿಳೀತಾ? ಏನೂ ಬರಂಗಿಲ್ಲ ನಿನಗ."

ದುರ್ಗಿ ಬೆಚ್ಚಿದಳು. ಆ ತಾಯಿ ಊರನ್ನೆಲ್ಲ ಬೈದವಳು, ಮಗಳಿಗೆ ಹುಟ್ಟಿದಾಗಿನಿಂದ ಒಂದು ಗಟ್ಟಿ ಮಾತು ಆಡಿದವಳಲ್ಲ. ಹುಡುಗಿ ಕೈ ಮಡಿಲಲ್ಲಿಟ್ಟು ಕೂತವಳು ಮತ್ತೆ ಬಾಯಿ ತೆರೆಯಲಿಲ್ಲ. ಮೇಡಂ ಕೇಳುತ್ತಾ ಹೋದರು, ಅಮರಮ್ಮ ಹೇಳುತ್ತಾ ಹೋದಳು. ರೊಕ್ಕ ಗೊತ್ತಾಗಂಗಿಲ್ಲರೀ. ದಾರಿ ಗೊತ್ತಾಗಂಗಿಲ್ಲರೀ. ಮುಟ್ಟಾದ್ರ ತಿಳಿಯಂಗಿಲ್ಲರೀ. ಯಾರ ಕರದ್ರೂ ಹೋಗ್ತಾಳ್ರಿ, ಚಪ್ಪಲಿ ಹಾಕ್ಕೊಂಡು ಹೋಗ್ತಾಳ್ರಿ. ಕೊನೆಕೊನೆಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರತೊಡಗಿತು. ಇಷ್ಟು ವರ್ಷ ಅದುಮಿ ಇಟ್ಟದ್ದೆಲ್ಲ ಒಮ್ಮೆಲೇ ಹೊರಗೆ ಬಿತ್ತು. ಮರದ ತುಂಡುಗಳನ್ನು ಮುಂದಿಟ್ಟಾಗ ದುರ್ಗಿ ಅವುಗಳನ್ನು ಮುಟ್ಟಲಿಲ್ಲ. ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ, ನನಗೆ ತಡೆದುಕೊಳ್ಳಲು ಆಗಲಿಲ್ಲ.

ಈ ಸಲದ ಅಂಕಿ ನಲವತ್ತನ್ನು ಬಹಳ ಮೇಲೆ ದಾಟಿತ್ತು. ಉಗಾದಿಗೆ ಎರಡು ದಿನ ಇರುವಾಗ ಕೈಗೆ ಬಂತು. ಮರುದಿನವೇ ಸಿರವಾರದ ಮೇಲೆ ಮಾನ್ವಿಗೆ ಹೊರಟೆವು.

ಸಂಸ್ಥೆ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಎತ್ತರದ ಕಾಂಪೌಂಡು, ಗೇಟಿಗೆ ಒಬ್ಬ ಹೆಂಗಸು, ಅಂಗಳದಲ್ಲಿ ಬೇವಿನ ಮರ. ಹುಡುಗಿಯರು ಸಾಲಾಗಿ ಊಟಕ್ಕೆ ಕೂರುತ್ತಿದ್ದರು, ಒಬ್ಬಳು ಹಾಡುತ್ತಿದ್ದಳು, ಯಾರೂ ಯಾರನ್ನೂ ಕಟ್ಟಿಹಾಕಿರಲಿಲ್ಲ. ಅಮರಮ್ಮ ಮೊದಲು ನೋಡಿದ್ದು ಗೇಟಿನ ಒಳಗಿನ ಚಿಲಕವನ್ನು. ಅದು ದಪ್ಪಗಿತ್ತು. ಕಾವೇರಿಬಾಯಿಯದು ಕಚ್ಚೆ ಸೀರೆ, ಕುಂಕುಮದ ದೊಡ್ಡ ಬೊಟ್ಟು. ಕಾಗದ ಪತ್ರಗಳನ್ನು ಮೇಜಿನ ಮೇಲೆ ಹರಡಿ, ಇನ್ನೂ ಸಹಿ ಮಾಡದೆ, ಮೊದಲು ಹುಡುಗಿಯ ಕಡೆ ತಿರುಗಿದರು. ಪಕ್ಕದಲ್ಲಿದ್ದ ಸ್ಟೀಲ್ ತಾಟು ಚಾಚಿದರು.

"ಬಾರವಾ ದುರ್ಗಾದೇವಿ, ಹಸಿವ್ಯಾಗಿರಬೇಕು. ಈ ತಾಟು ತೊಳಕೊಂಡು ಆ ಸಾಲಿನ್ಯಾಗ ಕೂಡು, ಅನ್ನ ಸಾರು ಹಾಕ್ತೀನಿ."

ದುರ್ಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದಳು.

"ನನಗೇನೂ ಬರಂಗಿಲ್ಲರೀ" ಎಂದಳು. ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ. ಆಮೇಲೆ ಅವ್ವನ ಮುಖ ನೋಡಿದಳು. ಉತ್ತರ ಸರಿಯಾಯಿತೇ ಎಂದು ಕೇಳುವ ಕಣ್ಣು ಅದು.

ಕಾವೇರಿಬಾಯಿ ಹುಬ್ಬೇರಿಸಿದರು. "ತಾಟು ತೊಳೆಯೋದೂ ಬರಂಗಿಲ್ಲೇನವಾ ಈಕಿಗೆ?" ಎಂದು ಅಮರಮ್ಮನನ್ನು ಕೇಳಿದರು. ಬರೀ ಕೇಳಿದ್ದು, ಅದರಲ್ಲಿ ಬೇರೇನೂ ಇರಲಿಲ್ಲ.

ಅಮರಮ್ಮ ಮೇಜಿನ ಮೇಲಿನ ಕಾಗದ ನೋಡಿದಳು, ಸಹಿಯಿಲ್ಲದ ಜಾಗ ನೋಡಿದಳು. ಓದು ಬಾರದವಳಿಗೂ ಅದು ಖಾಲಿ ಇರುವುದು ಕಾಣುತ್ತಿತ್ತು. ಮಗಳು ಇನ್ನೂ ಮುಖ ಎತ್ತಿ ಕಾಯುತ್ತಿದ್ದಳು.

"ಇಲ್ರೀ ಬಾಯಾರ" ಎಂದಳು. "ಅದೂ ಬರಂಗಿಲ್ಲರೀ."

ದುರ್ಗಿ ನಕ್ಕಳು. ಕಾವೇರಿಬಾಯಿ ಸಹಿ ಮಾಡಿ, ಇರಲಿ, ನಿಧಾನಕ್ಕೆ ಕಲಿಸೋಣ ಎಂದು ಅವಳ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋದರು. ಹೊಂದಿಕೊಳ್ಳುವವರೆಗೆ ಒಂದು ತಿಂಗಳು ತಾಯಿ ಬರಬಾರದು ಎಂಬುದು ಅಲ್ಲಿನ ನೇಮ. ಗೇಟು ಮುಚ್ಚಿತು.

ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಅಮರಮ್ಮ ನೀರೂ ಕುಡಿಯಲಿಲ್ಲ. ಕೆಲಸ ಆಯಿತಲ್ಲ ಅಕ್ಕ, ಇನ್ನು ನಿಶ್ಚಿಂತೆಯಿಂದ ಇರು ಎಂದೆ.

"ಮನ್ಯಾಗ ತಾಟು ಆಕೀನ ತೊಳೀತಿದ್ಲು ಹುಮೇರವ್ವ. ದಿನಾ ಆಕೀನ. ನನಗ ಮುಟ್ಟಾಕ ಬಿಡ್ತಿರಲಿಲ್ಲ."

"ಹೇಳಬೇಕಿತ್ತಲ್ಲ. ಕಾವೇರಿಬಾಯಿ ಅಷ್ಟಕ್ಕ ಬ್ಯಾಡ ಅಂತಿದ್ರೇನು?"

"ನಿನಗೇನ ಗೊತ್ತು" ಎಂದ ಅಮರಮ್ಮ ಬಸ್ಸು ಬರುವ ದಾರಿಯ ಕಡೆ ತಿರುಗಿ ಕೂತಳು. "ಒಂದ ಸಲ ಬರ್ತದ ಅಂದು ಕೆಟ್ಟೀನಿ."